ಹೀರೊ ಮುಖದವರು ರಾವಣನ ಪಾತ್ರ ಯಾಕೆ ಕೇಳುತ್ತಾರೆ?

ಹಾಸನ ಜಿಲ್ಲೆಯ ಭುವನಹಳ್ಳಿಯಲ್ಲಿ ಹುಟ್ಟಿದ ಯಶ್, ನಿತೇಶ್ ತಿವಾರಿ ನಿರ್ದೇಶನದ ‘ರಾಮಾಯಣ’ದಲ್ಲಿ ರಾವಣನ ಪಾತ್ರ ಒಪ್ಪಿಕೊಂಡಿದ್ದಾರೆ. ರಾಮನಾಗಿ ರಣಬೀರ್ ಕಪೂರ್ ಇದ್ದಾರೆ. ಸುದ್ದಿ ಖಚಿತವಾದಾಗಿನಿಂದ ನಮ್ಮ ಕಡೆ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಒಂದೇ ಪ್ರಶ್ನೆ: ‘ಹೀರೊ ಆಗಿ ಇಷ್ಟು ಎತ್ತರಕ್ಕೆ ಬೆಳೆದ ಮೇಲೆ ಇನ್ನೊಬ್ಬನ ಬಾಣಕ್ಕೆ ಸಾಯೋ ಪಾತ್ರ ಯಾಕೆ ಬೇಕಿತ್ತು?’

2018ರಲ್ಲಿ ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯ ಧನಂಜಯ ‘ಟಗರು’ ಚಿತ್ರದಲ್ಲಿ ಖಳನಾದಾಗಲೂ ಇಂಥದ್ದೇ ಮಾತು ಕೇಳಿತ್ತು. ಹಾಲಿವುಡ್‌ನಲ್ಲಿ ನಟಿ ಚಾರ್ಲಿಜ್ ಥೆರಾನ್ ‘ಮಾನ್‌ಸ್ಟರ್’ ಚಿತ್ರಕ್ಕಾಗಿ ದಪ್ಪಗಾಗಿ, ವಕ್ರ ಹಲ್ಲು ಕಟ್ಟಿಸಿಕೊಂಡು ಕೊಲೆಗಾತಿಯಾದಾಗಲೂ ಜನ ಅದನ್ನೇ ಕೇಳಿದ್ದರು. ನೋಡಲು ಚೆಂದ ಇರುವವರು, ಆ ಚೆಂದದಿಂದಲೇ ಅನ್ನ ಕಂಡವರು, ಅದನ್ನೇ ಪಕ್ಕಕ್ಕಿಟ್ಟು ವಿಚಿತ್ರ ಪಾತ್ರಗಳ ಕಡೆ ಯಾಕೆ ಹೋಗುತ್ತಾರೆ? ಇದಕ್ಕೆ ನಟನೆಯ ಹಂಬಲ ಒಂದು ಕಾರಣ, ಆದರೆ ಅರ್ಧ ಕಾರಣ ಮಾತ್ರ. ಉಳಿದರ್ಧ ಸಿನಿಮಾದ ದುಡ್ಡು ಓಡಾಡುವ ದಾರಿಯಲ್ಲಿದೆ.

ಇಮೇಜ್ ಅಂದರೆ ಏನು?

ಒಬ್ಬ ನಟ ಒಂದು ಬಗೆಯ ಪಾತ್ರದಲ್ಲಿ ಗೆದ್ದರೆ ಮುಂದಿನ ಹತ್ತು ಕಥೆಗಳೂ ಅದೇ ಬಗೆಯವು ಬರುತ್ತವೆ. ಗಾಂಧಿನಗರದಲ್ಲಿ ಇದಕ್ಕೆ ‘ಬ್ರ್ಯಾಂಡ್ ಆಗೋದು’ ಅನ್ನುತ್ತಾರೆ, ಪತ್ರಿಕೆಗಳಲ್ಲಿ ‘ಟೈಪ್‌ಕಾಸ್ಟ್’ ಅಂತ ಬರೆಯುತ್ತಾರೆ. ಹಾಗೆ ಅಂಟಿಕೊಂಡ ಗುರುತೇ ಇಮೇಜ್. ಇದು ಚೆಲುವರಿಗೆ ಮಾತ್ರ ಬರುವ ಕಷ್ಟವೇನಲ್ಲ. ವಜ್ರಮುನಿಯವರ ಗುಡುಗುವ ಕಂಠ ಅವರನ್ನು ಬಹುಕಾಲ ಖಳನ ಜಾಗದಲ್ಲೇ ಕೂರಿಸಿತು, ನರಸಿಂಹರಾಜು ತೆರೆಗೆ ಬಂದರೆ ಸಾಕು, ಮಾತಾಡುವ ಮೊದಲೇ ಜನ ನಗುತ್ತಿದ್ದರು.

ಇಮೇಜ್ ಕೆಟ್ಟದ್ದು ಅಂತಲೂ ಹೇಳಲಾಗದು. ಡಾ. ರಾಜ್‌ಕುಮಾರ್ ತೆರೆಯ ಮೇಲೆ ಕುಡಿಯುವುದನ್ನು, ಸಿಗರೇಟು ಸೇದುವುದನ್ನು ದೂರವಿಟ್ಟರು. ತನ್ನನ್ನು ನೋಡಿ ಜನ ನಡೆಯುತ್ತಾರೆ ಎಂಬ ಹೊಣೆಗಾರಿಕೆ ಅದರ ಹಿಂದಿತ್ತು. ಅಂಥವರೇ 1958ರ ‘ಭೂಕೈಲಾಸ’ದಲ್ಲಿ ರಾವಣ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರ, ಖ್ಯಾತಿಯ ತುದಿಯಲ್ಲಿದ್ದ 1983ರಲ್ಲಿ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪು. ಒಬ್ಬ ಅಭಿಮಾನಿಯೂ ಮುನಿಸಿಕೊಳ್ಳಲಿಲ್ಲ. ಪುರಾಣದ ಅಸುರನಿಗೆ ತಪಸ್ಸುಂಟು, ಪಾಂಡಿತ್ಯವುಂಟು, ಮೈನಡುಗಿಸುವ ಮಾತುಂಟು, ಅವನು ಸೋತರೂ ಸಣ್ಣವನಾಗುವುದಿಲ್ಲ ಅನ್ನುವುದು ನಮ್ಮ ಜನಕ್ಕೆ ಗೊತ್ತು. ಹಾಗಾಗಿ ಯಶ್ ರಾವಣನಾಗುವುದು ಕನ್ನಡದ ಮಟ್ಟಿಗೆ ಹೊಸ ದಾರಿ ಅಲ್ಲವೇ ಅಲ್ಲ. ಕಷ್ಟವಿರುವುದು ಸಾಮಾಜಿಕ ಚಿತ್ರಗಳಲ್ಲಿ. ಅಲ್ಲಿ ಖಳನಿಗೆ ಕಿರೀಟವೂ ಇಲ್ಲ, ವರವೂ ಇಲ್ಲ.

ಹಾಸನಾಂಬ ಕಲಾಕ್ಷೇತ್ರದಿಂದ ಅರ್ಥ ಮಾಡಿಕೊಳ್ಳೋಣ

ಇಡೀ ವಿಷಯ ತಿಳಿಯಲು ನಮ್ಮ ಪೌರಾಣಿಕ ನಾಟಕಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಹಾಸನದ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಲಿಯಲು ಊರವರು ಕೂತರೆ ಮೊದಲು ಬರುವವರು ಹಾರ್ಮೋನಿಯಂ ಮೇಷ್ಟ್ರು. ಅವರು ಒಬ್ಬೊಬ್ಬರ ಕಂಠ ಕೇಳಿ, ಮೈಕಟ್ಟು ನೋಡಿ ಮನಸ್ಸಿನಲ್ಲೇ ಪಾತ್ರ ಹಂಚುತ್ತಾರೆ. ಕೋಲು ಮುಖ, ಇಂಪಾದ ಗಂಟಲು ಇದ್ದವನು ಕೃಷ್ಣ. ಎದೆ ಅಗಲ, ಗದೆ ಹೆಗಲಿಗಿಟ್ಟರೆ ನಿಲುವು ಬರುವವನು ಭೀಮ. ಸಣಕಲು ಮೈ, ಚುರುಕು ಕಣ್ಣಿನವನು ಶಕುನಿ. ಸಿನಿಮಾದವರು ಮಾಡುವುದೂ ಇಷ್ಟನ್ನೇ.

ಆದರೆ ಮುಂದಿನ ಹೆಜ್ಜೆಯಲ್ಲಿ ನಾಟಕ ಬೇರೆಯಾಗುತ್ತದೆ. ಇಲ್ಲಿ ಪಾತ್ರಕ್ಕೆ ದುಡ್ಡು ಕೊಡುವವನು ಪಾತ್ರಧಾರಿಯೇ. ಸೀನರಿ, ಡ್ರೆಸ್, ಮೈಕು, ಹೊರಗಿನಿಂದ ಬರುವ ಸ್ತ್ರೀಪಾತ್ರದವರ ಸಂಭಾವನೆ, ಮೇಷ್ಟ್ರ ಕಾಣಿಕೆ ಎಲ್ಲ ಸೇರಿಸಿ ಒಂದೊಂದು ಪಾತ್ರಕ್ಕೆ ಇಷ್ಟಿಷ್ಟು ಅಂತ ಕಟ್ಟುತ್ತಾರೆ. ದುರ್ಯೋಧನ, ಕೃಷ್ಣ ದುಬಾರಿ. ಆಸೆ ಇದ್ದವನು ಹಸು ಮಾರಿಯಾದರೂ ದುಡ್ಡು ಹೊಂದಿಸುತ್ತಾನೆ. ‘ನೀನು ನೋಡೋಕೆ ಕೃಷ್ಣನ ಹಾಗಿದ್ದೀಯ ಕಣಪ್ಪ’ ಅಂತ ಮೇಷ್ಟ್ರು ಎಷ್ಟೇ ಹೇಳಿದರೂ ‘ನನಗೆ ದುರ್ಯೋಧನನೇ ಬೇಕು ಸಾರ್’ ಅಂದು ದುಡ್ಡು ಮುಂದಿಟ್ಟರೆ ಮುಗಿಯಿತು, ಪಾತ್ರ ಅವನದು. ಹಾಸನದ ರಂಗಮಂದಿರ ಹಾಸನಾಂಬ ಕಲಾಕ್ಷೇತ್ರದ ವೇದಿಕೆಯಲ್ಲಿ ಆ ಎಳೆ ಮುಖದ ಹುಡುಗ ಮೀಸೆ ತಿರುವಿ, ಕಂದ ಪದ್ಯ ಹಾಡಿ, ‘ಒನ್ಸ್ ಮೋರ್’ ಗಿಟ್ಟಿಸಿಕೊಂಡದ್ದೂ ಉಂಟು, ಉಸಿರು ಸಾಲದೆ ತಡವರಿಸಿದ್ದೂ ಉಂಟು. ಗೆದ್ದರೂ ಸೋತರೂ ಲೆಕ್ಕ ಅವನದೇ.

ಸಿನಿಮಾದಲ್ಲಿ ಆ ದುಡ್ಡು ಬೇರೆಯವರದು. ಯಾರ ದುಡ್ಡೋ ಅವರೇ ಪಾತ್ರ ನಿರ್ಧರಿಸುತ್ತಾರೆ. ನಟರು ಇಮೇಜ್ ದಾಟಲು ಪಡುವ ಪಾಡೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು ಎಂದು ನಾನು ನಂಬಿದ್ದೇನೆ.

ದುಡ್ಡು ಹಾಕುವವರ ಭಯ

ನಿರ್ಮಾಪಕ ಸಾಲ ತಂದು ಚಿತ್ರ ಮಾಡುತ್ತಾನೆ. ಅದನ್ನು ಏರಿಯಾ ಲೆಕ್ಕದಲ್ಲಿ ವಿತರಕರಿಗೆ ಮಾರುತ್ತಾನೆ. ಮೈಸೂರು, ಮಂಡ್ಯ, ಹಾಸನದ ಕಡೆಯದನ್ನು ವ್ಯಾಪಾರದವರು ಎಂಎಂಸಿಎಚ್ ಅನ್ನುತ್ತಾರೆ. ಕೆಲವು ಸಲ ವಿತರಕ ‘ಮಿನಿಮಮ್ ಗ್ಯಾರಂಟಿ’ ಕೊಡುತ್ತಾನೆ. ಅಂದರೆ ಚಿತ್ರ ಓಡಲಿ ಬಿಡಲಿ, ಇಷ್ಟು ಮೊತ್ತ ಮೊದಲೇ ಕೈಗೆ. ಇನ್ನೂ ತೆರೆ ಕಾಣದ ಚಿತ್ರಕ್ಕೆ ಅವನು ಯಾವ ಧೈರ್ಯದ ಮೇಲೆ ದುಡ್ಡು ಬಿಚ್ಚುತ್ತಾನೆ? ಕಥೆ ಅವನ ಕೈಗೆ ಬಂದಿರುವುದಿಲ್ಲ. ಪೋಸ್ಟರಿನ ಮೇಲಿನ ಮುಖವೊಂದೇ ಅವನಿಗಿರುವ ಆಧಾರ. ‘ಈ ಹೀರೊ, ಇಂಥ ಲವ್ ಸ್ಟೋರಿ, ಹೋದ ಸಲ ಇಷ್ಟು ಕಲೆಕ್ಷನ್’ ಎಂಬ ಲೆಕ್ಕ ಅವನಿಗೆ ಬೇಕು. ಟೀವಿ ಹಕ್ಕು ಕೊಳ್ಳುವವರದೂ ಇದೇ ಲೆಕ್ಕ.

ಹಾಗಾಗಿ ಪ್ರೇಮಕಥೆಯಲ್ಲಿ ಗೆದ್ದ ಚೆಲುವನೊಬ್ಬ ‘ನಾನು ಈ ಸಲ ಕುಷ್ಠರೋಗಿಯ ಪಾತ್ರ ಮಾಡ್ತೀನಿ’ ಅಂದರೆ ನಿರ್ಮಾಪಕನ ಎದೆ ಧಸಕ್ಕೆನ್ನುತ್ತದೆ. ಅವನಿಗೆ ಕಲೆ ಗೊತ್ತಿಲ್ಲ ಅಂತಲ್ಲ, ಹೋದ ಸಲದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಅಷ್ಟೆ.

ಚೆಂದದ ಮುಖಕ್ಕೇ ಯಾಕೆ ಕಟ್ಟು ಹೆಚ್ಚು?

ಇದಕ್ಕೆ ನೋಡುಗರಾದ ನಮ್ಮ ಮನಸ್ಸೂ ಕಾರಣ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ. ಮೈಕಟ್ಟಿಗೆ ಹೆಚ್ಚು ಅಂಕ ಪಡೆದವನಿಗೆ ಬುದ್ಧಿಗೂ ನಾಯಕತ್ವಕ್ಕೂ ಗುಣನಡತೆಗೂ ಹೆಚ್ಚು ಅಂಕ ಬಿದ್ದಿರುತ್ತಿತ್ತು. ಒಂದು ಒಳ್ಳೆಯ ಗುಣದ ಪ್ರಭೆ ಮಿಕ್ಕ ಗುಣಗಳ ಮೇಲೂ ಬೀಳುವುದಕ್ಕೆ ಅವನು ‘ಹೇಲೊ ಎಫೆಕ್ಟ್’ ಎಂಬ ಹೆಸರು ಕೊಟ್ಟ. 1972ರಲ್ಲಿ ಕ್ಯಾರೆನ್ ಡಿಯಾನ್, ಎಲೆನ್ ಬರ್ಶೈಡ್, ಎಲೇನ್ ವಾಲ್ಸ್ಟರ್ ಎಂಬ ಮೂವರು ಸಂಶೋಧಕಿಯರು ವಿದ್ಯಾರ್ಥಿಗಳಿಗೆ ಅಪರಿಚಿತರ ಫೋಟೊ ತೋರಿಸಿದರು. ನೋಡಲು ಚೆಂದ ಇದ್ದವರ ಸ್ವಭಾವವೂ ಒಳ್ಳೆಯದು, ಅವರಿಗೆ ಒಳ್ಳೆಯ ಕೆಲಸ ಸಿಗುತ್ತದೆ, ಅವರ ಬಾಳು ಸುಖವಾಗಿರುತ್ತದೆ ಎಂದು ವಿದ್ಯಾರ್ಥಿಗಳು ಊಹಿಸಿದರು. ಕೈಯಲ್ಲಿದ್ದದ್ದು ಬರೀ ಫೋಟೊ.

ಇದರಿಂದ ಚೆಲುವ ನಟನಿಗೆ ಎರಡು ಕಡೆಯಿಂದ ಪೆಟ್ಟು. ಅವನು ಕೆಟ್ಟವನಾಗಿ ಬಂದರೆ ನಮ್ಮ ಮನಸ್ಸು ಒಪ್ಪುವುದಿಲ್ಲ. ಒಳ್ಳೆಯವನಾಗಿ ಬಂದು ಚೆನ್ನಾಗಿ ನಟಿಸಿದರೆ ಆ ನಟನೆ ನಮಗೆ ಕಾಣುವುದಿಲ್ಲ, ಹೊಗಳಿಕೆಯೆಲ್ಲ ಮುಖಕ್ಕೆ ಹೋಗುತ್ತದೆ. ‘ಎಷ್ಟು ಚೆಂದ ಕಾಣ್ತಾನೆ’ ಅನ್ನುತ್ತೇವೆಯೇ ಹೊರತು ಆ ಮಾತನ್ನು ಆಡುವ ಮುನ್ನ ಅವನು ಎಷ್ಟು ಹೊತ್ತು ತಡೆದ ಎಂಬುದನ್ನು ನಾವು ಗಮನಿಸಿರುವುದಿಲ್ಲ. ತನ್ನ ಕೆಲಸ ಜನರ ಕಣ್ಣಿಗೆ ಬೀಳಲಿ ಎಂಬ ಆಸೆ ಯಾವ ನಟನಿಗಾದರೂ ಇರುತ್ತದೆ. ಜೊತೆಗೆ ವಯಸ್ಸಿನ ಭಯ. ಚೆಲುವಿನ ಮೇಲೆ ನಿಂತ ಬದುಕಿಗೆ ಕಾಲ ಕಡಿಮೆ.

ಹೊರಬರುವ ದಾರಿಗಳು

ಮೊದಲನೆಯದು, ಚೆಲುವನ್ನು ಹಾಗೇ ಇಟ್ಟುಕೊಂಡು ಗುಣ ಬದಲಾಯಿಸುವುದು. 1997ರ ‘ಅಮೃತವರ್ಷಿಣಿ’ಯಲ್ಲಿ ರಮೇಶ್ ಅರವಿಂದ್ ಅದೇ ಮೃದು ಮಾತು, ಅದೇ ನಗುವಿನ ಯುವಕ. ಆದರೆ ಗೆಳೆಯನ ಹೆಂಡತಿಯ ಮೇಲಿನ ಹುಚ್ಚು ಮೋಹ ಅವನನ್ನು ಕೊಲೆಗೆ ಎಳೆಯುತ್ತದೆ. ನಗು ಬದಲಾಗಿಲ್ಲ, ಅದನ್ನು ನೋಡುವಾಗ ನಮ್ಮ ಹೊಟ್ಟೆಯೊಳಗೆ ಆಗುವ ಸಂಕಟ ಬದಲಾಗಿದೆ. ಹೇಲೊ ಎಫೆಕ್ಟನ್ನೇ ಆಯುಧ ಮಾಡಿಕೊಂಡ ಪಾತ್ರ ಅದು. ಕನ್ನಡದಲ್ಲಿ ಈ ದಾರಿಯನ್ನು ಇಷ್ಟು ನಾಜೂಕಾಗಿ ಬಳಸಿದ್ದು ಕಡಿಮೆ.

ವಿಷ್ಣುವರ್ಧನ್ ತಿರುಗಿದ್ದು ಇದರ ಎದುರು ದಿಕ್ಕಿಗೆ. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿ ಅವರಿಗೆ ಸಿಟ್ಟಿನ ಯುವಕನ ಗುರುತು ಕೊಟ್ಟ, ಆಮೇಲೆ ಹೊಡೆದಾಟದ ಚಿತ್ರಗಳು ಸಾಲುಗಟ್ಟಿದವು. 1984ರಲ್ಲಿ ರಾಜೇಂದ್ರ ಸಿಂಗ್ ಬಾಬು ‘ಬಂಧನ’ದಲ್ಲಿ ಅವರ ಮುಷ್ಟಿ ಬಿಚ್ಚಿಸಿ ಡಾಕ್ಟರ್ ಹರೀಶ್‌ನನ್ನು ಮಾಡಿದರು. ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾಗದೆ ಒಳಗೇ ಬೇಯುವ ಮನುಷ್ಯ. ಇಂದಿಗೂ ಅವರ ಅಭಿಮಾನಿಗಳು ಮೊದಲು ನೆನೆಯುವ ಹೆಸರುಗಳಲ್ಲಿ ಅದು ಒಂದು.

ಎರಡನೆಯದು, ಬೇರೆಯವರ ಚಿತ್ರದಲ್ಲಿ ಜಾಗ ಹುಡುಕುವುದು. ಚಿತ್ರದ ಭಾರ ಇನ್ನೊಬ್ಬ ನಾಯಕನ ಮೇಲಿದ್ದರೆ ನಿರ್ಮಾಪಕನಿಗೂ ಭಯ ಕಡಿಮೆ. ಹಿಂದಿಯ ‘ಓಂಕಾರ’ದಲ್ಲಿ ಅಜಯ್ ದೇವಗನ್ ನಾಯಕ, ಅದುವರೆಗೆ ಪಟ್ಟಣದ ನಯವಾದ ಹುಡುಗನಾಗಿದ್ದ ಸೈಫ್ ಅಲಿ ಖಾನ್ ಕುಂಟುತ್ತ ನಡೆಯುವ, ಒರಟು ಬಾಯಿಯ ಲಂಗಡಾ ತ್ಯಾಗಿ. ಧನಂಜಯ ಹಿಡಿದದ್ದೂ ಇದೇ ದಾರಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ರಂಗಭೂಮಿಯಲ್ಲಿ ಪಳಗಿ, 2013ರ ‘ಡೈರೆಕ್ಟರ್ಸ್ ಸ್ಪೆಷಲ್’ನಲ್ಲಿ ನಾಯಕನಾಗಿ ಬಂದವರು. ‘ರಾಟೆ’, ‘ಬಾಕ್ಸರ್’, ‘ಜೆಸ್ಸಿ’ ಬಂದವು. ಒಳ್ಳೆಯ ಎತ್ತರ, ಒಳ್ಳೆಯ ಮುಖ, ಒಳ್ಳೆಯ ಕನ್ನಡ ಎಲ್ಲ ಇದ್ದೂ ದೊಡ್ಡ ಗೆಲುವು ದಕ್ಕಿರಲಿಲ್ಲ. 2018ರಲ್ಲಿ ಸೂರಿ ನಿರ್ದೇಶನದ ‘ಟಗರು’ ಬಂತು. ಪೋಸ್ಟರಿನ ಭಾರ ಶಿವರಾಜ್‌ಕುಮಾರ್ ಅವರ ಮೇಲೆ. ಧನಂಜಯ ಮಾಡಿದ ‘ಡಾಲಿ’ಯಲ್ಲಿ ನಾಯಕನಿಗೆ ಇರಬೇಕಾದ ಒಂದು ಗುಣವೂ ಇಲ್ಲ. ಆದರೂ ಥಿಯೇಟರಿನಿಂದ ಹೊರಬಂದವರ ಬಾಯಲ್ಲಿ ಆ ಹೆಸರೇ ಇತ್ತು. ನಾಯಕನಾಗಿ ಐದು ವರ್ಷದಲ್ಲಿ ಸಿಗದ ಗುರುತು ಒಬ್ಬ ಖಳನಿಂದ ಸಿಕ್ಕಿತು.

ಮೂರನೆಯದು, ಬೇಡ ಅನ್ನುವುದು. ಹೇಳಲು ಸುಲಭ, ಮಾಡಲು ಬಲು ಕಷ್ಟ. ಹಾಲಿವುಡ್‌ನ ಮ್ಯಾಥ್ಯೂ ಮೆಕಾನಹೇ ಹಗುರ ಪ್ರೇಮಕಥೆಗಳ ಚೆಲುವನಾಗಿ ವರ್ಷಗಟ್ಟಲೆ ದುಡಿದವರು. 2009ರ ಹೊತ್ತಿಗೆ ಅಂಥ ಕಥೆಗಳನ್ನು ಒಪ್ಪುವುದು ನಿಲ್ಲಿಸಿದರು. 1 ಕೋಟಿ 45 ಲಕ್ಷ ಡಾಲರಿನ ಒಂದು ಅವಕಾಶವನ್ನೂ ಬಿಟ್ಟಿದ್ದಾಗಿ ಅವರೇ ಹೇಳಿದ್ದಾರೆ. ಆಮೇಲೆ ಬಹಳ ದಿನ ಫೋನೇ ಬರಲಿಲ್ಲ. ನಿಧಾನಕ್ಕೆ ಬೇರೆ ಬಗೆಯ ಕಥೆಗಳು ಬಂದವು. 2013ರ ‘ಡಲ್ಲಾಸ್ ಬಯರ್ಸ್ ಕ್ಲಬ್’ನಲ್ಲಿ ಏಡ್ಸ್ ರೋಗಿಯಾಗಲು 20 ಕಿಲೋಗೂ ಹೆಚ್ಚು ತೂಕ ಇಳಿಸಿದರು, 2014ರಲ್ಲಿ ಆಸ್ಕರ್ ಬಂತು. ಆ ಚಿತ್ರದ ಬಜೆಟ್ ಸುಮಾರು 50 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ತೀರಾ ಸಣ್ಣದು. ಇದು ಮುಖ್ಯ. ವಿಚಿತ್ರ ಪಾತ್ರಗಳು ಸಣ್ಣ ಬಜೆಟ್ಟಿನಲ್ಲೇ ಹೆಚ್ಚು ಹುಟ್ಟುವುದು ಕಳೆದುಕೊಳ್ಳುವ ಭಯ ಅಲ್ಲಿ ಕಡಿಮೆ ಇರುವುದರಿಂದ.

ಕೊನೆಯದು, ನಮ್ಮ ಕುರುಕ್ಷೇತ್ರದ ದಾರಿ: ತಾನೇ ದುಡ್ಡು ಹಾಕುವುದು. ‘ರಾಮಾಯಣ’ದಲ್ಲಿ ಯಶ್ ರಾವಣ ಅನ್ನುವುದು ಎಲ್ಲರಿಗೂ ಗೊತ್ತು. ಅವರು ತಮ್ಮ ಮಾನ್‌ಸ್ಟರ್ ಮೈಂಡ್ ಕ್ರಿಯೇಷನ್ಸ್ ಮೂಲಕ ಆ ಚಿತ್ರದ ಸಹ ನಿರ್ಮಾಪಕರೂ ಹೌದು ಅನ್ನುವುದನ್ನು ಗಮನಿಸಿದವರು ಕಡಿಮೆ. ‘ಮೊಗ್ಗಿನ ಮನಸು’ ಚಿತ್ರದ ಪ್ರೇಮಿಯಾಗಿ 2008ರಲ್ಲಿ ಬಂದು, 2018ರ ‘ಕೆಜಿಎಫ್’ನಲ್ಲಿ ಗಡ್ಡ ಬಿಟ್ಟ ರಾಕಿಯಾದವರು ಇಮೇಜ್ ಕಟ್ಟುವುದನ್ನೂ ಬದಲಿಸುವುದನ್ನೂ ಬಲ್ಲರು. ಈಗ ಪಾತ್ರ ಆರಿಸುವ ಕೋಣೆಯಲ್ಲಿ ಅವರಿಗೂ ಒಂದು ಕುರ್ಚಿ ಇದೆ. ಥೆರಾನ್ ಕೂಡ ಆ ಕೊಲೆಗಾತಿಯ ಚಿತ್ರ ‘ಮಾನ್‌ಸ್ಟರ್’ಗೆ ನಿರ್ಮಾಪಕರಲ್ಲಿ ಒಬ್ಬರಾಗಿದ್ದರು.

ಮುಖ ಮರೆಸುವ ಕೆಲಸ ಹೇಗೆ ನಡೆಯುತ್ತದೆ?

ಬಣ್ಣ ಬಳಿದು ಕಪ್ಪು ಮಾಡುವುದು, ಗಾಯದ ಗುರುತು ಬರೆಯುವುದು ಹಳೆಯ ವಿಧಾನ. ಈಗ ಹೆಚ್ಚು ಕೇಳಿಬರುವುದು ಪ್ರಾಸ್ಥೆಟಿಕ್ ಮೇಕಪ್. ಮೊದಲು ನಟನ ಮುಖದ ಮೇಲೆ ಮೆತ್ತನೆಯ ಪದಾರ್ಥ ಹಚ್ಚಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಬಂದ ಪ್ರತಿಮುಖದ ಮೇಲೆ ಜೇಡಿಮಣ್ಣಿನಿಂದ ಬೇಕಾದ ಮೂಗು, ಜೋಲು ಕೆನ್ನೆ, ಸುಕ್ಕು ತಿದ್ದುತ್ತಾರೆ. ಅದಕ್ಕೆ ಇನ್ನೊಂದು ಅಚ್ಚು, ಅದರೊಳಗೆ ಸಿಲಿಕೋನ್. ಹೊರಬರುವ ತೆಳು ಚರ್ಮದಂಥ ತುಂಡುಗಳನ್ನು ಚಿತ್ರೀಕರಣದ ದಿನ ಮುಖಕ್ಕೆ ಅಂಟಿಸಿ, ಅಂಚು ಕಾಣದ ಹಾಗೆ ಬಣ್ಣ ಸೇರಿಸುತ್ತಾರೆ. ಪಾತ್ರಕ್ಕೆ ತಕ್ಕಂತೆ ಗಂಟೆಗಟ್ಟಲೆ ಕೂರಬೇಕು, ತೆಗೆಯುವಾಗ ಮತ್ತೆ ಹೊತ್ತು ಬೇಕು. 2002ರ ‘ದಿ ಅವರ್ಸ್’ನಲ್ಲಿ ನಿಕೋಲ್ ಕಿಡ್‌ಮನ್‌ಗೆ ಬದಲಾಗಿದ್ದು ಮುಖ್ಯವಾಗಿ ಮೂಗು, ಅಷ್ಟಕ್ಕೇ ಗುರುತು ಸಿಗದಂತಾಗಿದ್ದರು. ಥೆರಾನ್ ಸುಮಾರು 13 ಕಿಲೋ ತೂಕವನ್ನೂ ಹೆಚ್ಚಿಸಿಕೊಂಡರು. ಇಬ್ಬರಿಗೂ ಆಸ್ಕರ್ ಬಂದಿದ್ದರಿಂದ ‘ಕುರೂಪಕ್ಕೆ ಪ್ರಶಸ್ತಿ’ ಎಂಬ ಮಾತು ಹುಟ್ಟಿಕೊಂಡಿತು.

ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಈ ವಿಷಯದಲ್ಲಿ ಹೆಮ್ಮೆಪಡುವ ಸಂಗತಿಯಿದೆ. ಕಡೂರು ತಾಲ್ಲೂಕಿನ ಸಂಚಾರಿ ವಿಜಯ್ ಅಭಿನಯದ ‘ನಾನು ಅವನಲ್ಲ... ಅವಳು’ 2014ನೇ ಸಾಲಿನ ಅತ್ಯುತ್ತಮ ನಟ ಪ್ರಶಸ್ತಿಯ ಜೊತೆಗೆ ಮೇಕಪ್‌ಗೂ ರಾಷ್ಟ್ರಪ್ರಶಸ್ತಿ ಪಡೆಯಿತು. ನಾಗರಾಜು ಮತ್ತು ರಾಜು ಆ ಕಲಾವಿದರು. ಎರಡು ವರ್ಷದ ನಂತರ ಅದೇ ವಿಭಾಗದ ಪ್ರಶಸ್ತಿ ಎನ್.ಕೆ. ರಾಮಕೃಷ್ಣ ಅವರಿಗೆ. ಚಿತ್ರ ‘ಅಲ್ಲಮ’, ಅಲ್ಲಮಪ್ರಭುವಾಗಿದ್ದವರು ಧನಂಜಯ. ಇಂಥ ಪಾತ್ರಗಳ ಮಾತು ಬಂದಾಗಲೆಲ್ಲ ನಟನ ಹೆಸರಷ್ಟೇ ಕೇಳುತ್ತದೆ, ನಸುಕಿನಲ್ಲೆದ್ದು ಅವರ ಮುಖದ ಮುಂದೆ ಕೂತವರ ಹೆಸರೂ ಕೇಳಬೇಕು.

ಹೆಣ್ಣುಮಕ್ಕಳಿಗೆ ದಾರಿ ಇನ್ನೂ ಕಿರಿದು

ನಾಯಕನಿಗೆ ಖಳನಾಗಿಯಾದರೂ ಬಲವಾದ ಪಾತ್ರ ಬರೆಯುವವರಿದ್ದಾರೆ. ನಾಯಕಿಗೆ ಎಷ್ಟೋ ಚಿತ್ರಗಳಲ್ಲಿ ನಾಲ್ಕು ಹಾಡು, ಹತ್ತು ದೃಶ್ಯ. ಆದ್ದರಿಂದಲೇ ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’ 1972ರಲ್ಲಿ ಬಂತು. ಕಲ್ಪನಾ ಆಗ ಸೀರೆಗೆ, ಕುಪ್ಪಸಕ್ಕೆ, ಮುಡಿಯುವ ಹೂವಿಗೆ ಹೆಸರಾದ ತಾರೆ. ಪುಟ್ಟಣ್ಣ ಆ ಚೆಲುವನ್ನು ಮರೆಮಾಡಲಿಲ್ಲ. ಬಾಣಂತಿತನದ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬಂದ ಕಾವೇರಿ ಚೆನ್ನಾಗಿ ಸೀರೆ ಉಟ್ಟರೂ ಸುತ್ತಲಿನವರು ಅನುಮಾನದಿಂದ ನೋಡುತ್ತಾರೆ. ಅದೇ ಸೀರೆ, ಅದೇ ಹೂವು, ಮೊದಲು ಮೆಚ್ಚಿದ ಕಣ್ಣುಗಳೇ ಈಗ ಹುಚ್ಚಿನ ಲಕ್ಷಣ ಹುಡುಕುತ್ತವೆ. ಮುಖಕ್ಕೆ ಒಂದು ತುಂಡು ಸಿಲಿಕೋನ್ ಅಂಟಿಸದೆ ಇಮೇಜ್ ಮುರಿದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಮರುವರ್ಷ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದಲ್ಲಿ ಜಯಂತಿ, ಗಂಡನಿಂದ ಸಿಗದ ಸುಖಕ್ಕಾಗಿ ಹಂಬಲಿಸುವ ಮಾಧವಿಯಾದರು. ಅಂದಿನ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಇದಕ್ಕೆ ಆಕ್ಷೇಪಗಳೂ ಇವೆ

ತಾರೆಯೊಬ್ಬರು ಮೈಗೆ ಕಪ್ಪು ಬಳಿದುಕೊಂಡು ಕೂಲಿಯವಳ ಪಾತ್ರ ಮಾಡಿದರೆ ‘ಹುಟ್ಟಿನಿಂದಲೇ ಆ ಬಣ್ಣ ಇರುವ ನಟಿಗೆ ಆ ಪಾತ್ರ ಯಾಕೆ ಕೊಡಲಿಲ್ಲ?’ ಎಂದು ಕೇಳುವವರಿದ್ದಾರೆ. ಚೆಲುವರಿಗೆ ಇದೊಂದು ಪ್ರಯೋಗ, ಮುಗಿದ ಮೇಲೆ ಮುಖ ತೊಳೆದುಕೊಂಡು ಹೋಗುತ್ತಾರೆ, ಚೆಲುವಿಲ್ಲದವರಿಗೆ ಇದ್ದ ಒಂದು ಅವಕಾಶವೂ ತಪ್ಪುತ್ತದೆ ಎಂಬುದು ಅವರ ವಾದ. ಲಿಂಗತ್ವ ಅಲ್ಪಸಂಖ್ಯಾತರ ಪಾತ್ರಗಳನ್ನು ಅದೇ ಸಮುದಾಯದವರೇ ಮಾಡಬೇಕು ಎಂಬ ಮಾತೂ ಗಟ್ಟಿಯಾಗಿ ಕೇಳುತ್ತಿದೆ. ಹೆಸರಾದ ಮುಖ ಇದ್ದುದರಿಂದಲೇ ಆ ಕಥೆಗೆ ದುಡ್ಡು ಹುಟ್ಟಿತು, ಜನ ನೋಡಿದರು ಎಂಬುದು ಇನ್ನೊಂದು ಕಡೆಯವರ ಉತ್ತರ. ಎರಡರಲ್ಲೂ ಸತ್ಯವಿದೆ.

ಸಂಚಾರಿ ವಿಜಯ್ ಅವರನ್ನು ಇಲ್ಲಿ ಬೇರೆಯಾಗಿ ನೋಡಬೇಕು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ಅವರು ರಂಗಭೂಮಿಯಿಂದ ಬಂದವರು. ವಿದ್ಯಾ ಎಂಬ ಲಿಂಗತ್ವ ಅಲ್ಪಸಂಖ್ಯಾತೆಯ ಪಾತ್ರ ಒಪ್ಪಿದಾಗ ಅವರಿಗೆ ಕಳೆದುಕೊಳ್ಳಲು ಇಮೇಜ್ ಇರಲಿಲ್ಲ, ಮುರಿಯುವ ಪ್ರಶ್ನೆಯೂ ಬರಲಿಲ್ಲ. ಹೆಗಲು ಹೇಗೆ ಇಳಿಯಬೇಕು, ಸೆರಗು ಎಳೆದುಕೊಳ್ಳುವ ಕೈ ಎಷ್ಟು ಹಿಂಜರಿಯಬೇಕು ಎಂಬುದಷ್ಟೇ ಅವರ ಚಿಂತೆಯಾಗಿತ್ತು ಎಂದು ಆ ಚಿತ್ರ ನೋಡಿದವರಿಗೆ ತಿಳಿಯುತ್ತದೆ.

ಹೊರಬಂದ ಮೇಲೆ?

ಒಂದು ಇಮೇಜ್ ದಾಟಿದವರನ್ನು ಇನ್ನೊಂದು ಕಾಯುತ್ತಿರುತ್ತದೆ. ‘ಟಗರು’ ಗೆದ್ದ ಮೇಲೆ ಧನಂಜಯ ಅವರ ಹೆಸರಿನ ಮುಂದೆ ‘ಡಾಲಿ’ ಶಾಶ್ವತವಾಗಿ ಕೂತಿತು. ಅವರೂ ಆ ಹೆಸರನ್ನು ಪ್ರೀತಿಯಿಂದ ಒಪ್ಪಿಕೊಂಡರು. ಅಲ್ಲಿಗೆ ನಿಂತಿದ್ದರೆ ಜೀವನವಿಡೀ ಮಚ್ಚು ಹಿಡಿದ ಪಾತ್ರಗಳೇ ಆಗುತ್ತಿದ್ದವು.

2021ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅವರ ನಾಲ್ಕು ಚಿತ್ರಗಳು ಬಂದವು. ‘ಸಲಗ’ದಲ್ಲಿ ಪೊಲೀಸ್ ಅಧಿಕಾರಿ. ಒಟಿಟಿಯಲ್ಲಿ ನೇರವಾಗಿ ಬಂದ, ಮೊದಲ ಮೂರು ದಿನದ ಕಲೆಕ್ಷನ್ನಿನ ಹಂಗಿಲ್ಲದ ‘ರತ್ನನ್ ಪ್ರಪಂಚ’ದಲ್ಲಿ ಹೆತ್ತ ತಾಯಿಯನ್ನು ಹುಡುಕಿಕೊಂಡು ಹೊರಟ ಮಗ. ತೆಲುಗಿನ ‘ಪುಷ್ಪ’ದಲ್ಲಿ ಜಾಲಿ ರೆಡ್ಡಿ, ಮತ್ತೆ ಖಳ. ನಾಲ್ಕನೆಯದು ‘ಬಡವ ರಾಸ್ಕಲ್’, ಅದರಲ್ಲಿ ಓದು ಮುಗಿಸಿ ಆಟೊ ಓಡಿಸುವ ಮಧ್ಯಮ ವರ್ಗದ ಮನೆಯ ಹುಡುಗ. ನಾಲ್ಕರಲ್ಲಿ ಅವರ ಸ್ವಂತ ಸಂಸ್ಥೆ ಡಾಲಿ ಪಿಕ್ಚರ್ಸ್ ದುಡ್ಡು ಹಾಕಿದ್ದು ಈ ಆಟೊ ಹುಡುಗನಿಗೆ.